ಎದುರಿನ ಜಾಗ

ಮೊನ್ನೆ ಯಾರೋ ಹುಲ್ಲಿನಲ್ಲಿ ಹಣ್ಣು ಮಾಡಿದ ಮಾವಿನ ಬುಟ್ಟಿ ತಂದುಕೊಟ್ಟರು. ಮುಚ್ಚಳ ತೆಗೆದಾಗ ಬಂದ ಬೆಚ್ಚನೆಯ ವಾಸನೆಗೆ ನಮ್ಮ ಮಾವನವರು ನೆನಪಾದರು…

ಆಗ ಯುದ್ಧದ ಕಾಲ. ನಾನು ಮುಳಬಾಗಿಲಿಗೆ ಸೊಸೆಯಾಗಿ ಬಂದ ಹೊಸತು. ಚದುರಂಗದಲ್ಲಿ ಮಾವನವರನ್ನು ಸೋಲಿಸುವವರು ಸುತ್ತಮುತ್ತ ಇರಲಿಲ್ಲ. ಆ ಬೇಸಿಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪಂದ್ಯ ಇಟ್ಟಿದ್ದರು. ಕೊನೆಯ ಆಟ ಅಲ್ಲಿನ ಸಾಹುಕಾರರೊಬ್ಬರ ಜೊತೆ. ಗೆಲ್ಲಲು ಒಂದೇ ನಡೆ ಬಾಕಿ ಇದ್ದಾಗ ಮಾವನವರು ಆಟ ಬಿಟ್ಟು ಎದ್ದು ಬಂದುಬಿಟ್ಟರು.

ಮನೆಗೆ ಬಂದವರಿಗೆ ನಾನು ನೀರು ಕೊಡಲು ಹೋದಾಗ ತಾವಾಗಿಯೇ ಹೇಳಿದರು.

“ಅವ್ರು ಮೊದ್ಲು ಅಂಚಿನ ಕಾಲಾಳು ತಳ್ಳಿದ್ರಮ್ಮ. ಆಮೇಲೆ ಕುದುರೆನೂ ಅಂಚಿಗೇ ತಂದ್ರು. ಹಂಗೆ ಯಾರೂ ಆಟ ಶುರು ಮಾಡಲ್ಲ. ನನ್ನ ಕನಸಲ್ಲಿ ಮಾತ್ರ.”

ವರ್ಷಗಳಿಂದ ಬೀಳುತ್ತಿದ್ದ ಕನಸಂತೆ. ಅದೇ ಆರಂಭ, ಅವೇ ನಡೆಗಳು. ಕೊನೆಗೆ ಮಾವನವರ ಕುದುರೆ ನೆಗೆದು, ಎದುರಿನ ರಾಜನನ್ನು ಕಟ್ಟಿ ‘ಷಾ’ ಎಂದ ಕೂಡಲೇ ಎದುರು ಕೂತವನು ಸತ್ತುಬೀಳುತ್ತಿದ್ದ. ಅವನ ಮುಖ ಮಾತ್ರ ಎಂದೂ ಕಂಡಿರಲಿಲ್ಲ…

ಬಿಟ್ಟುಕೊಟ್ಟ ಗೆಲುವು ಸಾಹುಕಾರರಿಗೆ ಬೇಡವಾಗಿತ್ತು. ಒಂದು ಮಧ್ಯಾಹ್ನ ಮನೆಗೇ ಬಂದು, ನಡುಮನೆಯಲ್ಲಿ ಚದುರಂಗದ ಹಾಸು ಬಿಡಿಸಿ, ಆಟ ನಿಂತಿದ್ದ ಹಾಗೆಯೇ ಕಾಯಿಗಳನ್ನು ಜೋಡಿಸಿದರು.

“ಆಡಿ ಮುಗಿಸಿ ಸ್ವಾಮಿ. ಊರೆಲ್ಲಾ ನನ್ನ ನೋಡಿ ನಗ್ತಾ ಐತೆ.”

“ನಾನು ಮುಟ್ಟಲ್ಲ. ಆಡಿದ್ರೆ ನಿಮ್ಮ ಜೀವಕ್ಕೇ ಅಪಾಯ. ನನ್ನ ಮಾತು ಕೇಳಿ.”

ಸಾಹುಕಾರರು ನಕ್ಕುಬಿಟ್ಟರು. “ಸರಿ, ಮುಟ್ಟಬೇಡಿ. ನೀವು ಈ ಕಡೆ ಬನ್ನಿ, ನಿಮ್ಮ ನಡೆ ನಾನೇ ನಡೆಸ್ತೀನಿ. ನೀವು ಬರ್ದಿದ್ರೆ ಇಲ್ಲಿ ಇನ್ಯಾರನ್ನಾದ್ರೂ ಕೂರಿಸಿ ಈ ಆಟ ಮುಗಿಸೋನೇ.”

ಮಾವನವರು ಸಾಹುಕಾರರ ಜಾಗದತ್ತ ಕೈ ತೋರಿಸಿದರು.

“ಬೇರೆ ಯಾರೂ ಬೇಡ. ನೀವು ಆ ಜಾಗ ಬಿಡಿ.”

ಇಬ್ಬರೂ ಎದ್ದು ಜಾಗ ಬದಲಿಸಿದರು. ಕೂರುವ ಮುಂಚೆ ಮಾವನವರು ಬಾಗಿಲಲ್ಲಿದ್ದ ನನ್ನತ್ತ ತಿರುಗಿ ಸಣ್ಣಗೆ ನಕ್ಕರು. ಸಾಹುಕಾರರು ಕುದುರೆ ಎತ್ತಿಟ್ಟು “ಷಾ!” ಎಂದರು.

ಮಾವನವರು ಮೆಲ್ಲಗೆ ಗೋಡೆಗೆ ಒರಗಿದರು, ತಲೆ ವಾಲಿತು. ಸಾಹುಕಾರರು ಹಾಸಿನ ಮೇಲೇ ಕಣ್ಣಿಟ್ಟು, ತಾವು ಎಲ್ಲಿ ತಪ್ಪಿದೆವೆಂದು ಇನ್ನೂ ಅವರಿಗೆ ವಿವರಿಸುತ್ತಲೇ ಇದ್ದರು…

ಅದು ಹೃದಯಾಘಾತ ಅಜ್ಜಿ, ಎನ್ನುತ್ತಾರೆ ಮೊಮ್ಮಕ್ಕಳು. ಇರಬಹುದು. ಆದರೆ ಆ ನಗುವನ್ನು ಅವರು ನೋಡಲಿಲ್ಲ. ನೋಡಿದವಳು ನಾನೊಬ್ಬಳೇ. ಎಷ್ಟೋ ವರ್ಷಗಳಾದವು… ಹೋದವರಿಗಾಗಿ ಇವತ್ತಿಗೂ ಸಂಕಟವಾಗುತ್ತದೆ.