ಮಾವನ ಮನೆಗೆ ಬರೆದ ಸೀನರಿ

ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನನ್ನದು ಮೆಷಿನ್ ಬಿಡಿಭಾಗಗಳಿಗೆ ಬೂದು ಬಣ್ಣ ಹೊಡೆಯುವ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೊಂದೇ ಬಣ್ಣ. ಶೆಡ್ಡಿಗೆ ಕಿಟಕಿಯೂ ಇಲ್ಲ. ಹೀಗಿರುವಾಗ ಫೋನಿನಲ್ಲಿ ಅಮೆರಿಕದ ಒಬ್ಬ ಚಿತ್ರಕಾರ ಸಿಕ್ಕಿದ. ಎಂದೋ ಸತ್ತವನು. ಬೆಟ್ಟ, ನದಿ, ಕಾಡು, ಇಷ್ಟನ್ನೇ ಜೀವನಪೂರ್ತಿ ಬರೆದವನು. ಬೇಸಿಗೆಯೆಲ್ಲ ಬಯಲಲ್ಲಿ ಕೂತು ಸಣ್ಣ ಹಲಗೆಗಳ ಮೇಲೆ ಬರೆದುಕೊಂಡು ಬರುತ್ತಿದ್ದನಂತೆ. ಚಳಿಗಾಲದಲ್ಲಿ ಅವನ್ನೇ ನೋಡಿಕೊಂಡು ಗೋಡೆಯಷ್ಟು ದೊಡ್ಡ ಚಿತ್ರ ಮಾಡುತ್ತಿದ್ದನಂತೆ. ನನಗೆ ಹುಚ್ಚು ಹಿಡಿಯಿತು! ಅವನ ಚಿತ್ರಗಳನ್ನು ಎಷ್ಟು ಸಲ ಕಾಪಿ ಮಾಡಿದೆನೋ. ಆದರೆ ಒಂದು ಸಲವೂ ಬಯಲಲ್ಲಿ ಕೂತು, ಕಣ್ಣೆದುರು ಇದ್ದದ್ದನ್ನು ಬರೆದಿರಲಿಲ್ಲ.

ಹೋದ ವರ್ಷ ನಿಟ್ಟೂರಿನ ಹತ್ತಿರ ಸೋದರಮಾವ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಮೊದಲು ದೊಡ್ಡ ಗೋಡೆಗೆ ಒಂದು ಸೀನರಿ ಬೇಕೆಂದು ನನ್ನನ್ನು ಕರೆಸಿದರು. ನನಗಿದ್ದದ್ದು ಶನಿವಾರ, ಭಾನುವಾರ ಎರಡೇ ದಿನ. ಆ ಊರಿನ ಕೆರೆ, ಹೊಲ, ತೋಟಗಳನ್ನೇ ಅಮೆರಿಕದವನ ಹಾಗೆ ಗೋಡೆಗೆ ತರಬೇಕು ಎಂದುಕೊಂಡೆ. ಈ ಸಲ ಆಗದಿದ್ದರೆ ನಾನು ಕಾಪಿ ಹೊಡೆಯುವವನಾಗಿಯೇ ಉಳಿಯುತ್ತೇನೆ ಎಂಬ ಭಯವಿತ್ತು.

ಶನಿವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಹಲಗೆ ಹಿಡಿದು ಕೂತೆ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಬ್ರಷ್ಷಿನ ಮೇಲೆ ಹೆಬ್ಬೆರಳಿಟ್ಟು ಮರದ ಎತ್ತರ, ಹೊಲದ ಅಗಲ ಅಳೆಯುತ್ತಿದ್ದೆ. ರಾಗಿ ಕುಯ್ಯುತ್ತಿದ್ದ ಅಜ್ಜಿಯೊಬ್ಬಳು ಕುಡುಗೋಲು ಹಿಡಿದೇ ಬಂದಳು.

"ಏನ್ಲಾ ಅಳೀತಿದೀಯ?"

"ಚಿತ್ರ ಬರೀತಿದೀನಿ ಅಜ್ಜಿ."

"ಅವತ್ ಬಂದವ್ರೂ ಇಂಗೇ ಒಂದ್ ಕಣ್ ಮುಚ್ಕಂಡು ನೋಡುದ್ರು. ಮಾರ್ನೆ ದಿನ ನಮ್ ಬದಿನ ಕಲ್ಲಿಗೆ ಕೆಂಪು ಬಣ್ಣ ಹೊಡ್ದವ್ರೆ!"

ಹೊಸ ರಸ್ತೆಗೆಂದು ಯಾರೋ ಸರ್ವೆ ಮಾಡಿ ಹೋಗಿದ್ದರಂತೆ. ನನ್ನ ಹಲಗೆಯ ಮೇಲೆ ಅವಳ ಹೊಲ, ಪಕ್ಕದ ತಟ್ಟೆಯಲ್ಲಿ ಕೆಂಪು ಬಣ್ಣ. ಏನು ಹೇಳಿದರೆ ತಾನೇ ನಂಬುತ್ತಾಳೆ? ಜನ ಸೇರಿದರು. ಮಾವ ಓಡಿ ಬಂದು, ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದರು.

"ಇನ್ ಹೊಸಲು ದಾಟಿದ್ರೆ ನೋಡು! ನೀನ್ ಬಸ್ ಹತ್ತಿ ಹೋಯ್ತೀಯ, ನಾನು ಈ ಜನದ್ ಜೊತೆ ಬಾಳ್ಬೇಕು ಕಣೋ."

ಅಲ್ಲಿಂದ ಎರಡು ದಿನ ನಾನು ಆ ಗೋಡೆಯ ಎದುರೇ. ಕಿಟಕಿಯಿಂದ ಕೆರೆಯ ಒಂದು ಮೂಲೆ ಕಾಣುತ್ತಿತ್ತು, ಹೋಗುವಂತಿರಲಿಲ್ಲ. ಆದರೂ ಹಲಗೆ ಕೈಯಲ್ಲಿತ್ತಲ್ಲ, ಅದನ್ನೇ ನೋಡಿಕೊಂಡು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಗೋಡೆಗೆ ತಂದಿದ್ದೆ. ಆಗ ಅಜ್ಜಿ ಒಳಗೆ ಬಂದಳು.

"ಇದು ನಮ್ಮೊಲ ಅಲ್ವೇನ್ಲಾ?"

ನನಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತು. ಗುರುತು ಹಿಡಿದಳಲ್ಲ!

"ತೆಗ್ದುಬುಡು," ಎಂದಳು. "ಗೃಹಪ್ರವೇಶಕ್ಕೆ ರೋಡಿನ್ ಆಫೀಸ್ನವ್ರೂ ಬತ್ತಾರಂತೆ. ಇಷ್ಟಗಲಕ್ಕೆ ಬರ್ದು ತೋರಿಸ್ತೀಯಾ ಅವ್ರಿಗೆ?"

ಮಾವನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಕೆರೆಯ ನೀರನ್ನು ಕೆಳಕ್ಕೆ ತಂದು ಅವಳ ಹೊಲದ ಮೇಲೆ ಹರಡಿದೆ.

"ಈಗ್ ಸರಿಯಾಯ್ತು. ನೀರ್ನಾಗೆ ಯಾವನ್ ರೋಡ್ ಮಾಡ್ತಾನೆ!" ಎಂದು ಅಜ್ಜಿ ಮೊದಲ ಸಲ ನಕ್ಕಳು.

ಅಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಅರ್ಧ ಗಂಟೆಗೆ ಪಕ್ಕದ ಅಡಿಕೆ ತೋಟದವರು ಬಂದರು. "ಅಜ್ಜೀದು ಮುಳುಗಿಸಿದ್ಯಂತೆ, ನಮ್ ತೋಟ ಏನ್ ಪಾಪ ಮಾಡಿತ್ತಪ್ಪಾ?" ಅವರದನ್ನೂ ಮುಳುಗಿಸಿದೆ. ಆಮೇಲೆ ಏರಿಯಾಚೆಯ ಹೊಲದವರು, ಅವರ ಹಿಂದೆ ಅವರ ತಮ್ಮ. ಆಗುವುದಿಲ್ಲ ಎನ್ನಲು ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ. ಕೈ ಮಾತ್ರ ನೀಲಿ ಡಬ್ಬಿಗೇ ಹೋಗುತ್ತಿತ್ತು. ಅಮೆರಿಕದವನ ಹತ್ತಿರ ಯಾರಾದರೂ ಹೋಗಿ, ನಮ್ಮ ಬೆಟ್ಟ ತೆಗಿ ಎಂದಿದ್ದರೇ? ಅಂಥದ್ದೇನನ್ನೂ ನಾನು ಓದಿರಲಿಲ್ಲ.

ಸಂಜೆಯ ಹೊತ್ತಿಗೆ ಗೋಡೆಯಲ್ಲಿ ಉಳಿದದ್ದು ಆಕಾಶ, ನೀರು, ಬಲಗಡೆ ಮಾವನ ಐದು ತೆಂಗಿನಮರ. ಆ ಮರಗಳು ನಿಜಕ್ಕೂ ಚೆನ್ನಾಗಿ ಬಂದಿದ್ದವು. ಮಾವ ಬಹಳ ಹೊತ್ತು ನೋಡುತ್ತ ನಿಂತರು.

"ಎಲ್ಲಾರ್ದೂ ಹೋಗಿ ನಮ್ದೊಂದೇ ಉಳೀತಲ್ಲೋ. ಬಂದವ್ರ ಕಣ್ಣೆಲ್ಲ ಇದ್ರ ಮೇಲೇ ಬೀಳಲ್ವಾ?"

"ಮಾವ, ಇದೊಂದಾದ್ರೂ ಇರ್ಲಿ."

ಮಾವ ಸ್ಟೂಲನ್ನು ಎಳೆದು ಮರಗಳ ಕೆಳಗೆ ಇಟ್ಟರು. ನಾನು ನೀಲಿ ಡಬ್ಬಿ ಹಿಡಿದು ಹತ್ತಿದೆ.