ಹರಿಗೋಲಿನಲ್ಲಿ ನೆನೆದ ಪಾಸ್‌ಬುಕ್

ಎದ್ದು ನಿಂತವಳು ನಾನೇ. ಇಷ್ಟು ವರ್ಷವಾದರೂ ಆ ಗಳಿಗೆ ಕಣ್ಣ ಮುಂದೆ ಮತ್ತೆ ಮತ್ತೆ ನಡೆಯುತ್ತದೆ. ಹಾಳೆ ಹಾರಿತು, ನಾನು ಎದ್ದೆ, ಹರಿಗೋಲು ವಾಲಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸೇಲಂನ ಕಾಲೇಜೊಂದರಲ್ಲಿ ಎಂ.ಫಿಲ್. ಮಾಡುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಬ್ಯಾಂಕಿನ ಕೆಲಸ ಚುರುಕಾಗಿದೆಯೇ, ಹಳ್ಳಿಯ ಗ್ರಾಹಕರು ಅದನ್ನು ಒಪ್ಪಿದ್ದಾರೆಯೇ ಎಂಬುದು ನನ್ನ ಸಂಶೋಧನೆಯ ವಿಷಯ. ಕೊಳತ್ತೂರು ಕಡೆಯ ಶಾಖೆಯೊಂದಕ್ಕೆ ಆಗತಾನೇ ಕಂಪ್ಯೂಟರ್ ಬಂದಿತ್ತು. ಅಲ್ಲಿಗೆ ಬರುವವರಲ್ಲಿ ಕೆಲವರು ಪಕ್ಕದ ಜಲಾಶಯದ ಆಚೆ ದಡದವರು, ಧರ್ಮಪುರಿ ಜಿಲ್ಲೆಯ ಕನ್ನಡದವರು. ನಮ್ಮ ಮನೆಮಾತೂ ಕನ್ನಡ. ಅವರ ಜೊತೆ ಹರಿಗೋಲಿನಲ್ಲಿ, ಅಲ್ಲಿಯವರು ಪರಿಸಲ್ ಎನ್ನುವುದರಲ್ಲಿ, ದಾಟುತ್ತಲೇ ಪ್ರಶ್ನಾವಳಿ ತುಂಬಿಸಿಬಿಡುವುದೆಂದು ಹೊರಟೆ. ಅಷ್ಟು ಜಾಣತನದ ಉಪಾಯ ಬೇರಾರಿಗೂ ಹೊಳೆದಿಲ್ಲವೆಂದು ನನಗೆ ಒಳಗೊಳಗೇ ಹಿಗ್ಗು!

ಆ ಮಧ್ಯಾಹ್ನ ಹರಿಗೋಲಿನಲ್ಲಿ ಇದ್ದವರು ಮೂವರೇ. ಹುಟ್ಟು ಹಾಕುವವನು, ಬ್ಯಾಂಕಿನಿಂದ ಮನೆಗೆ ಹೊರಟಿದ್ದ ಒಬ್ಬ ಕಡಲೆಕಾಯಿ ಬೆಳೆಯುವ ಅಜ್ಜಿ, ಮತ್ತೆ ನಾನು. ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಹಿಂದಿನ ಹಾಳೆಗಳೆಲ್ಲ ಗುಮಾಸ್ತರ ಕೈಬರಹ. ಅಂದು ಮೊದಲ ಸಲ ಒಂದು ಪುಟ ಪ್ರಿಂಟರಿನಲ್ಲಿ ಹೊಡೆದುಕೊಟ್ಟಿದ್ದರು. ಆಕೆಗೆ ಅದು ಹಿಡಿಸಿರಲಿಲ್ಲ.

"ಕಂಪ್ಯೂಟರ್ ಮೇಲೆ ನಂಬಿಕೆ ಇದೆಯಾ ಅಜ್ಜಿ?" ನಾನು ಶಾಯಿ ಪೆನ್ನು ಬಿಚ್ಚಿದೆ.

"ಗುಮಾಸ್ತ ತಪ್ಪು ಬರುದ್ರೆ ಅವುನ್ ಮುಂದೆ ನಿಂತ್ಕೊಂಡು ಬೈಬೋದು. ಮಿಷಿನ್ ತಪ್ಪು ಮಾಡುದ್ರೆ ಏನ್ ಇಡ್ಕೊಂಡು ಜಗ್ಗಲಿ ಮಗಾ?"

"ವೈಯರ್ ಇಡ್ಕೊ ಅಜ್ಜಿ, ಶಾಕ್ ಒಡುದ್ರೆ ಉತ್ರ ಸಿಕ್ತೈತೆ," ಎಂದ ಹುಟ್ಟಿನವನು.

"ನೀನ್ ಪರಿಸಲ್ ನೋಡ್ಕೊಂಡು ಬಿಡ್ಲಾ, ಸುಮ್ನೆ!"

ನಗುತ್ತಲೇ 'ಇಲ್ಲ' ಎಂದು ಬರೆದುಕೊಂಡೆ. ಅಷ್ಟರಲ್ಲಿ ಗಾಳಿ ಎದ್ದಿತು. ನೀರಿನ ಬಣ್ಣವೇ ಬದಲಾಯಿತು. ಹುಟ್ಟಿನವನು ಹುಟ್ಟನ್ನು ಬಿಗಿಯಾಗಿ ಹಿಡಿದ. ತೊಡೆಯ ಮೇಲಿದ್ದ ಕಟ್ಟಿನಿಂದ ಒಂದು ಹಾಳೆ ಮೇಲಕ್ಕೆ ಹಾರಿದ್ದೇ ತಡ, ತರಗತಿಯಲ್ಲಿ ಎದ್ದು ನಿಲ್ಲುವಂತೆ ನಾನು ಎದ್ದು ಕೈಚಾಚಿದೆ.

ಹರಿಗೋಲಿನ ಒಂದು ಅಂಚು ನೀರಿಗಿಳಿಯಿತು. ತಣ್ಣನೆಯ ನೀರು ಒಳಗೆ ನುಗ್ಗಿತು.

"ಉಕ್ಕಾರು! ಉಕ್ಕಾರು! ಕೂತ್ಕೊ ಟೀಚರಮ್ಮ, ಎಲ್ರೂ ಒಂಟೋಯ್ತೀವಿ!" ಹುಟ್ಟಿನವನ ಬಾಯಿಂದ ತಮಿಳು, ಕನ್ನಡ ಒಟ್ಟೊಟ್ಟಿಗೇ ಹೊರಟವು.

ನನಗೆ ಕೂರಲು ಆಗಲಿಲ್ಲ. ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದರು. ದೊಪ್ಪನೆ ನೀರಿನಲ್ಲೇ ಕುಳಿತೆ. ಅಜ್ಜಿ! ಒಂದು ಕೈಯಲ್ಲಿ ನನ್ನ ಸೆರಗು, ಇನ್ನೊಂದರಲ್ಲಿ ಊಟದ ಡಬ್ಬಿ. ಆಕೆ ಡಬ್ಬಿಯಲ್ಲಿ ನೀರು ಎತ್ತಿ ಹೊರಗೆ ಚೆಲ್ಲತೊಡಗಿದಳು. ನಾನು ಬೊಗಸೆಯಲ್ಲೇ ಚೆಲ್ಲಿದೆ. ಚೆಲ್ಲಿದಷ್ಟೇ ಮತ್ತೆ ಬರುತ್ತಿತ್ತು. ದಡ ಒಮ್ಮೆ ಎಡಕ್ಕೆ ಕಾಣುತ್ತಿತ್ತು, ಒಮ್ಮೆ ಬೆನ್ನ ಹಿಂದೆ. ನನಗೆ ಈಜು ಬಾರದು ಎಂದು ಯಾರಿಗೂ ಹೇಳಿರಲಿಲ್ಲ.

ಎಷ್ಟು ಹೊತ್ತಿಗೆ ತಳಕ್ಕೆ ಕೆಸರು ತಾಗಿತೋ ತಿಳಿಯದು. ದಡ ಹತ್ತಿ ಮೂವರೂ ಕುಸಿದು ಕುಳಿತೆವು. ಹರಿಗೋಲಿನ ತಳದಲ್ಲಿ ಬಿದ್ದಿದ್ದ ನನ್ನ ಪ್ರಶ್ನಾವಳಿಗಳು ನೀಲಿ ಮುದ್ದೆಯಾಗಿದ್ದವು. ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ್ದ ಪಾಸ್‌ಬುಕ್ಕನ್ನು ಒಂದೇ ಕೈಯಲ್ಲಿ ಮೆಲ್ಲನೆ ಬಿಡಿಸಿದಳು. ಗುಮಾಸ್ತರ ಬರಹವೆಲ್ಲ ಕರಗಿ ಹಾಳೆಗೆ ಹಾಳೆಯೇ ನೀಲಿ. ಆಕೆಯ ಮುಖ ಸಪ್ಪಗಾಯಿತು. ಒದ್ದೆ ಬೆರಳಿನಿಂದ ಕೊನೆಯ ಪುಟ ತೆರೆದಳು.

ಪ್ರಿಂಟರಿನ ಚುಕ್ಕೆ ಚುಕ್ಕೆ ಅಕ್ಷರಗಳು ಇದ್ದ ಹಾಗೇ ಇದ್ದವು! ನಾನು ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿದೆ.

"ಅಯ್ಯಯ್ಯೋ, ಗುಮಾಸ್ತ ಮುಳುಗೋದ್ನಲ್ಲಾ! ಮಿಷಿನ್ ಈಜ್ಕೊಂಡ್ ಬಂದೈತೆ!" ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. "ಮಗಾ, ನಂದು 'ಇಲ್ಲ' ಅಂತ ಬರ್ಕೊಂಡಿದ್ಯಲ್ಲ, ಅದುನ್ನ ಒಡುದಾಕು. ಐತೆ ಅಂತ ಬರಿ, ನಂಬ್ಕೆ ಐತೆ ಅಂತ."

ಬರೆಯಲು ನನ್ನ ಬಳಿ ಒಣ ಹಾಳೆಯೊಂದೂ ಇರಲಿಲ್ಲ. ಬಸ್ಸಿನಲ್ಲಿ ಸುತ್ತುಬಳಸಿ ಊರು ಸೇರಿದ ಮೇಲೆ ಹೊಸ ಹಾಳೆಯಲ್ಲಿ ಬರೆದೆ, ಈ ಸಲ ಬಾಲ್‌ಪೆನ್ನಿನಲ್ಲಿ. 'ಕಾರಣ' ಎಂಬ ಜಾಗದಲ್ಲಿ ಒಂದೇ ಪದ: ನೀರು.

ಅಂದು ದಡದಲ್ಲಿ, ನಗು ಮುಗಿದು ಏಳಲು ಹೋದಾಗಲೇ ನನಗೆ ಗೊತ್ತಾದದ್ದು. ಅಜ್ಜಿ ನನ್ನ ಸೆರಗನ್ನು ಇನ್ನೂ ಬಿಟ್ಟಿರಲಿಲ್ಲ.