ಆಯಿ ಕುಡಿದ ಚಹಾ

ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಈರುಳ್ಳಿ ಚೀಲವನ್ನು ಮೊನ್ನೆ ಒಗೆಯಲು ತೆಗೆದೆ. ಮಗುಚಿದಾಗ ಒಳಬದಿಯಲ್ಲಿ ಅಚ್ಚಾಗಿದ್ದ ಮುಖ ಕಂಡಿತು. ತಲೆತುಂಬ ಸೆರಗು ಹೊದ್ದು ನಗುತ್ತಿರುವ ಆಯಿ. ಕೆಳಗೆ, ‘ಹಳ್ಳಿಯವರೇ ರೂಪಿಸಿದ ಸೇವೆ’ ಎಂಬ ಸಾಲು. ಓದಿದರೆ ಇಂದಿಗೂ ಮೈ ಉರಿಯುತ್ತದೆ.

ಆಯಿ ಎಂದರೆ ಕಾಂದಿವಲಿಯ ನಮ್ಮ ಚಾಳಿನ ಪಕ್ಕದ ಮನೆಯವಳ ತಾಯಿ. ವಿಜಯಪುರದ ಕಡೆಯ ಹಳ್ಳಿಯಿಂದ ಮಗಳ ಬಾಣಂತನಕ್ಕೆ ಬಂದಿದ್ದಳು. ಆಗ ನಾನು ಕೆಲಸಕ್ಕಿದ್ದ ಫೋರ್ಟ್ ಪ್ರದೇಶದ ಕಂಪನಿಗೆ ಹಳ್ಳಿಯ ವಿಧವೆಯರ ಪಿಂಚಣಿಗೆ ಆ್ಯಪ್ ಮಾಡುವ ಗುತ್ತಿಗೆ ಸಿಕ್ಕಿತ್ತು. ಹಳ್ಳಿಯವರನ್ನು ಕೇಳಿಯೇ ಮಾಡಬೇಕೆಂದು ಷರತ್ತು. ಆದರೆ ಹಳ್ಳಿಗೆ ಹೋಗುವ ಮನಸ್ಸು ಯಾರಿಗಿತ್ತು? ನಿಮ್ಮ ಕಡೆಯವರನ್ನು ಇಲ್ಲಿಗೇ ಕರೆತನ್ನಿ ಎಂದರು ಸಾಹೇಬರು. ಆಯಿಯ ದಮ್ಮಿನ ಔಷಧಿ ನಡೆಯುತ್ತಿದ್ದುದೇ ಆ ಪಿಂಚಣಿಯಿಂದ. ಖುಷಿಯಿಂದಲೇ ಬಂದಳು.

ಎ.ಸಿ. ಕೋಣೆಯಲ್ಲಿ ಕುರ್ಚಿ, ಏಲಕ್ಕಿ ಚಹಾ, ಬಿಸ್ಕತ್ತು. ಫೋನು ಮುಖ ಗುರುತಿಸುವಂತೆ ಅದರ ಮುಂದೆ ಸೆರಗು ಜಾರಿಸಿ ಕಿವಿ, ಹಣೆ ತೋರಿಸಿದರೆ ಮಾತ್ರ ಪಿಂಚಣಿ ಎಂದು ನನ್ನ ಬಾಯಿಂದ ಹೇಳಿಸಿದರು. ಕಷ್ಟವೇನಾದರೂ ಇದೆಯೇ ಎಂದೂ ಕೇಳಿಸಿದರು.

“ಚಲೋ ಐತ್ರಿ,” ಎಂದಳು ಆಯಿ. ಅದನ್ನು ವಿಡಿಯೋ ಮಾಡಿಕೊಂಡು, ಅವಳ ಫೋಟೋವನ್ನೂ ತೆಗೆದುಕೊಂಡರು.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಮೆಲ್ಲಗೆ ಅಂದಳು, “ಊರಾಗ ಗಂಡಸರ ಮುಂದ ಸೆರಗ ತಗ್ಯಾಕ ನನ್ನ ಕೈಲೆ ಆಗೂದಿಲ್ಲವ್ವ.”

“ಅದನ್ನ ಅಲ್ಲೇ ಹೇಳಬಾರದಿತ್ತಾ ಆಯಿ?”

“ಅವ್ರ ಚಾ ಕುಡದೀನಿ. ಉಂಡ ಮನಿಗೆ ಹೆಸರಿಡಬಾರ್ದು.”

ಅವಳ ಮೇಲೆ ಬಂದ ಸಿಟ್ಟು ಕಾಂದಿವಲಿ ಬಂದರೂ ಇಳಿಯಲಿಲ್ಲ. ಮರುದಿನ ಎಲ್ಲವನ್ನೂ ಸಾಹೇಬರಿಗೆ ಹೇಳಿದೆ. ಚೆನ್ನಾಗಿದೆ ಎಂದು ಅವರೇ ಹೇಳಿದ ವಿಡಿಯೋ ಇದೆಯಲ್ಲ ಎಂದು ನಕ್ಕರು. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎನ್ನುವುದು ಸುಳ್ಳಲ್ಲ.

ಊರಿಗೆ ಮರಳಿದ ಆಯಿ ಸೇವಾ ಕೇಂದ್ರದ ಸಾಲಿನಲ್ಲಿ ನಿಂತಳು, ಸೆರಗು ತೆಗೆಯಲಿಲ್ಲ. ಪಿಂಚಣಿ ನಿಂತಿತು. ಮಗಳಿಗೂ ಹೇಳದೆ ಔಷಧಿ ಬಿಟ್ಟಳಂತೆ. ಆ ಚಳಿಗಾಲ ದಾಟಲಿಲ್ಲ... ಅದೇ ವರ್ಷ ಕಂಪನಿ ಸೆರಗು ಹೊದ್ದ ಅವಳ ಫೋಟೋವನ್ನೇ ಚೀಲಗಳ ಮೇಲೆ ಅಚ್ಚು ಹಾಕಿಸಿ ಹಂಚಿತು. ಫೋನು ಒಲ್ಲೆನೆಂದ ಮುಖ ಚೀಲಕ್ಕೆ ಬೇಕಾಗಿತ್ತು. ನಾನು ಕೆಲಸ ಬಿಟ್ಟೆ. ನನಗೆ ಸಿಕ್ಕ ಚೀಲ ಎಸೆಯಲು ಮಾತ್ರ ಕೈ ಬರಲಿಲ್ಲ, ಮುಖ ಒಳಗಾಗುವಂತೆ ಮಗುಚಿಟ್ಟೆ.

ಚೀಲ ಇನ್ನೂ ಹಗ್ಗದ ಮೇಲೆ ಒಣಗುತ್ತಿರುವಾಗಲೇ ಸಾಹೇಬರ ಫೋನು ಬಂತು. ಹೊಸ ಆ್ಯಪ್ ಅಂತೆ, ಹಳ್ಳಿಯ ಹೆಂಗಸರು ಬೇಕಂತೆ. ಹಿಂದೆ ಬಂದಿದ್ದ ಆ ಮುದುಕಿಯನ್ನೇ ಕರೆತನ್ನಿ, ಒಳ್ಳೆಯವರು, ಯಾವ ತಕರಾರೂ ಇಲ್ಲ ಎಂದರು.

“ಅವರು ತೀರಿಕೊಂಡರು,” ಎಂದೆ. “ಬೇರೆಯವರನ್ನು ಕರೆತರುತ್ತೇನೆ. ಆದರೆ ಅವರ ಮಾತು ಮುಗಿಯುವ ತನಕ ಒಂದು ಗುಟುಕು ಚಹಾ ಕೊಡಕೂಡದು.”